ಟಿಸಿ ತೆಗೆಸುವ ಮೊದಲು ಪರೀಕ್ಷೆ ಯಾವುದೆಂದು ತೀರ್ಮಾನಿಸಿ

ಪ್ರಶ್ನೆ: ನಮ್ಮದು ವಿಜಯಪುರ ಜಿಲ್ಲೆ ತಿಕೋಟಾ ತಾಲ್ಲೂಕಿನ ಒಂದು ಹಳ್ಳಿ. ಮೂರು ಎಕರೆ ದ್ರಾಕ್ಷಿ ಪಡ ಇದೆ. ಮಗಳಿಗೆ 14 ತುಂಬಿದೆ. ಒಂದನೆಯ ತರಗತಿಯಿಂದಲೂ ಊರಲ್ಲೇ, ಕನ್ನಡ ಮಾಧ್ಯಮದಲ್ಲಿ ಓದಿ ಈಗ ಸರಕಾರಿ ಪ್ರೌಢಶಾಲೆಯಲ್ಲಿ ಎಂಟನೆಯದು ಮುಗಿಸಿದ್ದಾಳೆ. ಎರಡು ವರ್ಷದಿಂದ ಸೈಕ್ಲಿಂಗ್ ಅಭ್ಯಾಸ. ನಸುಕಿನಲ್ಲಿ ಎದ್ದು 40 ಕಿ.ಮೀ. ಹೊಡೆದು ಬಂದು ಶಾಲೆಯಲ್ಲಿ ತೂಕಡಿಸುತ್ತಾಳೆ. ‘ಶಾಲೀ ಬಿಡಸ್ರಿ, ಮನ್ಯಾಗ ಓದಿಸಿ ಹತ್ತನೇ ಇಯತ್ತೆ ಎಕ್ಸ್‌ಟರ್ನಲ್ ಕಟ್ಟಸ್ರಿ’ ಎಂದು ತರಬೇತಿ ಕೊಡುವವರು ಹೇಳುತ್ತಿದ್ದಾರೆ. ನಾನು ಬಿ.ಎ. ಓದಿದ್ದೇನೆ, ಗಣಿತ ನನಗೆ ಆಗಿಬರುವುದಿಲ್ಲ. ಮನೆಯಲ್ಲೇ ಓದಿಸಿದರೆ ಲಾಭವೇನು, ಕಷ್ಟವೇನು? ಮುಂದೆ ಪಿಯುಸಿಗೆ ತೊಂದರೆ ಆಗುತ್ತದೆಯೇ?

ಉತ್ತರ: ಓದಿಸಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಕಡ್ಡಾಯ ಇರುವುದು 6ರಿಂದ 14 ವರ್ಷದವರೆಗೆ, ಎಂಟನೆಯ ತರಗತಿಯವರೆಗೆ. ನಿಮ್ಮ ಮಗಳು ಎರಡನ್ನೂ ದಾಟಿದ್ದಾಳೆ. ಶಾಲೆ ಬಿಡಿಸಿದರೆ ಆಕೆಯ ಹೆಸರು ಶಿಕ್ಷಣ ಇಲಾಖೆ ವಿದ್ಯಾರ್ಥಿಗಳ ದಾಖಲೆ ಇಡುವ ಸ್ಯಾಟ್ಸ್ ತಂತ್ರಾಂಶದಲ್ಲಿ ‘ಶಾಲೆ ಬಿಟ್ಟ ಮಗು’ ಎಂದು ಕಾಣಿಸಿಕೊಳ್ಳುತ್ತದೆ, ಸಿಆರ್‌ಪಿ (ಇಲಾಖೆಯ ಸಮೂಹ ಸಂಪನ್ಮೂಲ ವ್ಯಕ್ತಿ) ಮನೆಗೆ ಬಂದು ವಿಚಾರಿಸಬಹುದು. ಬೇರೆ ಕಡೆ ನೋಂದಣಿ ಆಗಿರುವ ಕಾಗದ ತೋರಿಸಿದರೆ ಆ ಮಾತು ಅಲ್ಲಿಗೆ ಮುಗಿಯುತ್ತದೆ. ಆದ್ದರಿಂದ ಕಾನೂನಿನ ಭಯ ಬೇಡ.

ಆದರೂ ನೀವು ಬರೆದ ವಿವರ ನೋಡಿದರೆ ನಮ್ಮ ಸಲಹೆ ಒಂದೇ: ಈ ಜೂನ್‌ನಲ್ಲಿ ಟಿಸಿ ತೆಗೆಸಬೇಡಿ. ಮನೆಯಲ್ಲಿ ಓದು ಆಗುವುದಿಲ್ಲ ಎಂಬ ಕಾರಣಕ್ಕಲ್ಲ. ಟಿಸಿ ಕೈಗೆ ಬಂದ ದಿನ ನಿಮ್ಮ ಮಗಳು ಏನೇನು ಕಳೆದುಕೊಳ್ಳುತ್ತಾಳೆ ಎಂಬ ಲೆಕ್ಕವನ್ನು ತರಬೇತಿ ಕೊಡುವವರು ಹೇಳಿಲ್ಲ. ಅದು ಅವರ ಕೆಲಸವೂ ಅಲ್ಲ. ಮೊದಲು ಆ ಲೆಕ್ಕ ನೋಡೋಣ.

ಹತ್ತು ವರ್ಷದಲ್ಲಿ ಎರಡು ವರ್ಷ ಬಾಕಿ

ಇಂಜಿನಿಯರಿಂಗ್, ಕೃಷಿ, ಪಶುವೈದ್ಯಕೀಯದಂಥ ವೃತ್ತಿಪರ ಕೋರ್ಸ್‌ಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸೀಟು ಹಂಚುವಾಗ ಶೇ 15 ಗ್ರಾಮೀಣ ಕೋಟಾ, ಶೇ 5 ಕನ್ನಡ ಮಾಧ್ಯಮ ಕೋಟಾ ಇರುತ್ತದೆ. ಎರಡಕ್ಕೂ ಷರತ್ತು ಒಂದೇ ಬಗೆಯದು. ಒಂದರಿಂದ ಹತ್ತನೆಯ ತರಗತಿವರೆಗೆ, ಪೂರ್ತಿ ಹತ್ತು ವರ್ಷ, ಮೊದಲನೆಯದಕ್ಕೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಎರಡನೆಯದಕ್ಕೆ ಕನ್ನಡ ಮಾಧ್ಯಮದಲ್ಲಿ ಓದಿರಬೇಕು. ನಿಮ್ಮ ಮಗಳ ಹೆಸರಿನಲ್ಲಿ ಎಂಟು ವರ್ಷ ಜಮೆ ಆಗಿದೆ. ಒಂಬತ್ತು, ಹತ್ತು ಮನೆಯಲ್ಲಿ ಓದಿದರೆ ಆ ಎರಡು ವರ್ಷಕ್ಕೆ ವ್ಯಾಸಂಗ ಪ್ರಮಾಣಪತ್ರ ಕೊಡುವವರು ಯಾರೂ ಇಲ್ಲ. ಹತ್ತಕ್ಕೆ ಎಂಟು ಎಂದು ಕೋಟಾದ ಎಂಟಾಣೆ ಸಿಗುವುದಿಲ್ಲ, ಪೂರ್ತಿ ಹೋಗುತ್ತದೆ. ಶಾಲೆ ಬಿಡಿಸದೆ ವಿಜಯಪುರ ಪಟ್ಟಣದ ಶಾಲೆಗೆ ಸೇರಿಸಿದರೂ ಗ್ರಾಮೀಣ ಕೋಟಾ ಹೀಗೆಯೇ ಕೈತಪ್ಪುತ್ತದೆ. ಇದನ್ನು ಎಷ್ಟೋ ಪಾಲಕರು ಸಿಇಟಿ ಅರ್ಜಿ ತುಂಬುವ ದಿನ ತಿಳಿಯುತ್ತಾರೆ. ಪಕ್ಕದ ಕಲಬುರಗಿ, ಯಾದಗಿರಿ ಮಕ್ಕಳಿಗಿರುವ 371ಜೆ ಸೌಲಭ್ಯ (ಸಂವಿಧಾನದ ಆ ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ಸಿಗುವ ಮೀಸಲಾತಿ) ವಿಜಯಪುರ, ಬಾಗಲಕೋಟೆ, ಬೆಳಗಾವಿಗೆ ಇಲ್ಲವಾದ್ದರಿಂದ ಇಲ್ಲಿಯ ಮಕ್ಕಳಿಗೆ ಗ್ರಾಮೀಣ ಕೋಟಾದ ಬೆಲೆ ಇನ್ನೂ ಹೆಚ್ಚು.

ಇನ್ನೊಂದು ಷರತ್ತಿದೆ, ಅದು ನಿಮಗೆ ತೊಡಕಲ್ಲ. ಸರಕಾರಿ ಸೀಟಿಗೆ ಅರ್ಹತೆ ಪಡೆಯಲು ಸಾಮಾನ್ಯವಾಗಿ ಒಂದನೆಯ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಒಟ್ಟು ಏಳು ವರ್ಷ ಕರ್ನಾಟಕದ ಮಾನ್ಯತೆ ಪಡೆದ ಶಾಲೆಯಲ್ಲಿ ಓದಿ, ಹತ್ತನೆಯದು ಅಥವಾ ಹನ್ನೆರಡನೆಯದನ್ನು ಇಲ್ಲೇ ಪಾಸಾಗಿರಬೇಕು. ಏಳು ವರ್ಷ ಈಗಾಗಲೇ ಆಗಿದೆ. ಇಡೀ ಬಾಲ್ಯ ಮನೆಯಲ್ಲೇ ಓದಿದ ಮಕ್ಕಳಿಗೆ ಮಾತ್ರ ಇದು ದೊಡ್ಡ ಪೆಟ್ಟು.

ಎಂಟನೆಯದರಲ್ಲಿ ಎನ್‌ಎಂಎಂಎಸ್ ಪರೀಕ್ಷೆ ಬರೆದು ಆಯ್ಕೆಯಾಗಿದ್ದರೆ ಇನ್ನೊಂದು ನಷ್ಟವನ್ನೂ ಬರೆದುಕೊಳ್ಳಿ. ವರ್ಷಕ್ಕೆ 12,000 ರೂಪಾಯಿಯಂತೆ ನಾಲ್ಕು ವರ್ಷದ ಆ ವಿದ್ಯಾರ್ಥಿವೇತನ ಸರಕಾರಿ ಅಥವಾ ಅನುದಾನಿತ ಶಾಲೆಯಲ್ಲಿ ನಿತ್ಯ ಹೋಗಿ ಓದುವ ಮಕ್ಕಳಿಗೆ ಮಾತ್ರ. ತಾಲ್ಲೂಕು, ಜಿಲ್ಲಾ ಮಟ್ಟದ ಶಾಲಾ ಕ್ರೀಡಾಕೂಟಕ್ಕೂ ಮುಖ್ಯಾಧ್ಯಾಪಕರ ಸಹಿ ಬೇಕು. ಕ್ರೀಡೆಗಾಗಿ ಶಾಲೆ ಬಿಟ್ಟ ಹುಡುಗಿಗೆ ಶಾಲಾ ಕ್ರೀಡಾಕೂಟವೇ ಇಲ್ಲವಾಗುತ್ತದೆ. ಸೈಕ್ಲಿಂಗ್ ಸಂಸ್ಥೆಗಳು ನಡೆಸುವ ಸ್ಪರ್ಧೆಗಳಿಗೆ ಜನ್ಮ ದಾಖಲೆ ಸಾಕು, ಅವು ಉಳಿಯುತ್ತವೆ.

ಈ ಯಾವುದೂ ಮಗಳಿಗೆ ಬೇಕಿಲ್ಲ, ಪಿಯುಸಿ ಕಲೆ ಅಥವಾ ವಾಣಿಜ್ಯ ಓದಿ ಕ್ರೀಡೆಯಲ್ಲೇ ಮುಂದುವರಿಯುತ್ತಾಳೆ ಎಂದು ಖಚಿತವಿದ್ದರೆ ಲೆಕ್ಕ ಬೇರೆ. ಆದರೆ 14ನೆಯ ವಯಸ್ಸಿನಲ್ಲಿ ಅಷ್ಟು ಖಚಿತ ಯಾರಿಗಿರುತ್ತದೆ? ಮೊಣಕಾಲಿಗೆ ಒಂದು ಪೆಟ್ಟು ಬಿದ್ದರೂ ಲೆಕ್ಕ ತಲೆಕೆಳಗು.

ಶಾಲೆ ಬಿಡಿಸದೆ ಸಮಯ ಹೊಂದಿಸುವುದು

ಎಸ್‌ಎಸ್‌ಎಲ್‌ಸಿಗೆ ಶೇ 75 ಹಾಜರಿ ಬೇಕು. ವರ್ಷಕ್ಕೆ 220 ದಿನ ಶಾಲೆ ಎಂದು ಹಿಡಿದರೂ 55 ದಿನ ನಿಮ್ಮ ಕೈಯಲ್ಲಿವೆ. ಅದನ್ನು ತೂಕಡಿಕೆಗೆ, ಸಣ್ಣ ಜ್ವರಕ್ಕೆ, ಜಾತ್ರೆಗೆ ಚಿಲ್ಲರೆ ಚಿಲ್ಲರೆಯಾಗಿ ಕಳೆಯದೆ ಸ್ಪರ್ಧೆಗಳ ಮೊದಲಿನ ಎರಡೆರಡು ವಾರಕ್ಕೆ ಕಟ್ಟಿಡಿ. ಮುಖ್ಯಾಧ್ಯಾಪಕರಿಗೆ ವರ್ಷದ ಸ್ಪರ್ಧಾ ದಿನಾಂಕಗಳನ್ನು ಜೂನ್‌ನಲ್ಲೇ ಬರೆದು ಕೊಡಿ. ಅಧಿಕೃತ ಸ್ಪರ್ಧೆಗೆ ಹೋದ ದಿನಗಳಿಗೆ ಕ್ರೀಡಾ ಸಂಸ್ಥೆಯ ಪತ್ರ ತಂದು ಹಾಜರಿ ವಹಿಗೆ ಸೇರಿಸಲು ಕೇಳಿ. ಬಾಯಿಮಾತಿನ ಒಪ್ಪಿಗೆ ಆ ಮಾಸ್ತರು ವರ್ಗವಾಗುವ ತನಕ ಮಾತ್ರ ನಡೆಯುತ್ತದೆ, ಅರ್ಜಿ ಫೈಲಿನಲ್ಲಿರಲಿ.

ತೂಕಡಿಕೆಗೆ ಶಾಲೆ ಕಾರಣವಲ್ಲ, ರಾತ್ರಿ ಕಾರಣ. ಈ ವಯಸ್ಸಿಗೆ ಎಂಟರಿಂದ ಹತ್ತು ತಾಸು ನಿದ್ದೆ ಬೇಕು. ದಿನಕ್ಕೆ ಎರಡು ಹೊತ್ತು ಸೈಕಲ್ ತುಳಿಯುವ ಹುಡುಗಿಗೆ ಒಂಬತ್ತಕ್ಕಿಂತ ಕಡಿಮೆ ಸಾಲದು. ನಾಲ್ಕೂವರೆಗೆ ಏಳುವುದಾದರೆ ರಾತ್ರಿ ಏಳೂವರೆಗೆ ಮಲಗಬೇಕು, ಅದು ನಮ್ಮ ಮನೆಗಳಲ್ಲಿ ಆಗದ ಮಾತು. ಅಭ್ಯಾಸವನ್ನು ಐದೂವರೆಗೆ ತಳ್ಳಿ, ಎಂಟೂವರೆಗೆ ದೀಪ ಆರಿಸಿ, ಟಿವಿ ಇನ್ನೊಂದು ಕೋಣೆಗೆ ಹೋಗಲಿ. ಇಷ್ಟು ಮಾಡಿ ಒಂದು ತಿಂಗಳು ನೋಡಿ. ಆಗಲೂ ಶಾಲೆಯಲ್ಲಿ ನಿದ್ದೆ ಬಂದರೆ ರಕ್ತದಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷಿಸಿ. ಈ ವಯಸ್ಸಿನ ಹುಡುಗಿಯರಲ್ಲಿ ಸುಸ್ತಿಗೆ ಅದು ಬಹಳ ಸಾಮಾನ್ಯ ಕಾರಣ. ಅದು ಕಡಿಮೆ ಇದ್ದರೆ ಮನೆಯಲ್ಲಿ ಓದಿಸಿದರೂ ಪುಸ್ತಕದ ಮೇಲೆಯೇ ತಲೆ ಇಟ್ಟು ಮಲಗುತ್ತಾಳೆ.

ಮನೆಯಲ್ಲೇ ಎಂದಾದರೆ ಎರಡು ದಾರಿ

ಇಷ್ಟೆಲ್ಲ ತೂಗಿ ನೋಡಿಯೂ ಮನೆಯಲ್ಲೇ ಓದಿಸುವುದು ಎಂದು ತೀರ್ಮಾನಿಸಿದರೆ, ಹತ್ತನೆಯದನ್ನು ಯಾವ ಪರೀಕ್ಷೆಯ ಮೂಲಕ ಪಾಸು ಮಾಡಿಸುತ್ತೀರಿ ಎಂಬುದನ್ನು ಮೊದಲು ನಿರ್ಧರಿಸಿ. ಪುಸ್ತಕ, ಭಾಷೆ, ವೇಳಾಪಟ್ಟಿ, ಖರ್ಚು ಎಲ್ಲವೂ ಅದರ ಹಿಂದೆ ಬರುತ್ತವೆ. ‘ಮೊದಲು ಬಿಡಿಸೋಣ, ಆಮೇಲೆ ನೋಡೋಣ’ ಎಂದವರ ಮಕ್ಕಳು ಒಂದು ಪಠ್ಯ ಓದಿ ಇನ್ನೊಂದು ಪರೀಕ್ಷೆ ಬರೆಯುವ ಪಾಡಿಗೆ ಬೀಳುತ್ತಾರೆ.

ಮೊದಲನೆಯದು ರಾಜ್ಯದ ಎಸ್‌ಎಸ್‌ಎಲ್‌ಸಿಯನ್ನೇ ಖಾಸಗಿ ಅಭ್ಯರ್ಥಿಯಾಗಿ ಬರೆಯುವುದು. ಜನ ಎಕ್ಸ್‌ಟರ್ನಲ್ ಎನ್ನುವುದು ಇದನ್ನೇ. ಒಂದು ಪ್ರೌಢಶಾಲೆಯ ಮೂಲಕ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೆ ನೋಂದಣಿ ಆಗಬೇಕು. ವಯಸ್ಸಿನ ಷರತ್ತು, ಕೊನೆಯ ದಿನಾಂಕ ಆಯಾ ವರ್ಷದ ಅಧಿಸೂಚನೆಯಲ್ಲಿರುತ್ತವೆ. ಪರೀಕ್ಷೆಗೆ ಹಲವು ತಿಂಗಳು ಮೊದಲೇ ನೋಂದಣಿ ಮುಗಿಯುವುದರಿಂದ ದೀಪಾವಳಿ ತನಕ ಕಾದು ಕೂರಬೇಡಿ, ದಸರೆಗೆ ಮೊದಲೇ ಶಾಲೆಗೆ ಹೋಗಿ ಕೇಳಿ. ಇದರ ದೊಡ್ಡ ಅನುಕೂಲ ಕನ್ನಡ ಮಾಧ್ಯಮ. ಪಠ್ಯಪುಸ್ತಕ ಅದೇ, ಪದಗಳು ಅವೇ, ಹಳೆಯ ಪ್ರಶ್ನೆಪತ್ರಿಕೆ ಎಲ್ಲೆಡೆ ಸಿಗುತ್ತವೆ. 2024ರಿಂದ ವರ್ಷಕ್ಕೆ ಮೂರು ಪರೀಕ್ಷೆ ನಡೆಯುವುದರಿಂದ ಒಂದರಲ್ಲಿ ಉಳಿದ ವಿಷಯವನ್ನು ಅದೇ ವರ್ಷ ಮುಗಿಸಬಹುದು.

ಅನನುಕೂಲ ಅಂಕಗಳಲ್ಲಿದೆ. ಒಟ್ಟು 625ರಲ್ಲಿ ಶಾಲೆಗೆ ಹೋಗುವ ಮಕ್ಕಳು ಬರೆಯುವುದು 500ಕ್ಕೆ. ಉಳಿದ 125 ಶಾಲೆಯಲ್ಲಿ ಕೊಡುವ ಆಂತರಿಕ ಅಂಕ, ಪ್ರಥಮ ಭಾಷೆಗೆ 25, ಮಿಕ್ಕ ಐದಕ್ಕೆ ತಲಾ 20. ಖಾಸಗಿ ಅಭ್ಯರ್ಥಿಗೆ ಆಂತರಿಕ ಅಂಕವಿಲ್ಲ, 625ನ್ನೂ ಬರೆದೇ ಗಳಿಸಬೇಕು. ಗಣಿತದಲ್ಲಿ ಹಿಂದುಳಿದ ಮಗುವನ್ನು ದಡ ಮುಟ್ಟಿಸುವುದು ಆ ಇಪ್ಪತ್ತೇ. ಹಳೆಯ ಪ್ರಶ್ನೆಪತ್ರಿಕೆ ಅಭ್ಯಾಸ ಮಾಡಿಸುವಾಗಲೂ ಇದನ್ನು ನೆನಪಿಡಿ. ಅಂಗಡಿಯಲ್ಲಿ ಸಿಗುವ ಕಟ್ಟುಗಳಲ್ಲಿರುವುದು ಶಾಲೆ ಮಕ್ಕಳ 80 ಅಂಕದ ಪತ್ರಿಕೆ. ನಿಮಗೆ ಬೇಕಾದ್ದು ಖಾಸಗಿ ಅಭ್ಯರ್ಥಿಗಳ 100 ಅಂಕದ್ದು.

ಎರಡನೆಯದು ಎನ್‌ಐಒಎಸ್, ಅಂದರೆ ಕೇಂದ್ರ ಸರಕಾರದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ. 1989ರಿಂದ ಇದೆ, ಕರ್ನಾಟಕದ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲಿದೆ. ಹತ್ತನೆಯದಕ್ಕೆ ಸೇರಲು 14 ತುಂಬಿದ್ದರೆ ಸಾಕು. ಐದು ವಿಷಯ, ಅದರಲ್ಲಿ ಒಂದಾದರೂ ಭಾಷೆ. ಪಾಸಾಗಲು ಶೇ 33. ಪರೀಕ್ಷೆ ವರ್ಷಕ್ಕೆರಡು ಸಲ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್. ನೋಂದಣಿ ಐದು ವರ್ಷ ಊರ್ಜಿತ, ಅಷ್ಟರೊಳಗೆ ಒಂಬತ್ತು ಅವಕಾಶ. ಕ್ರೀಡಾಪಟುವಿಗೆ ಇದರ ನಿಜವಾದ ಲಾಭ ವಿಷಯಗಳನ್ನು ಒಡೆದು ಬರೆಯುವುದರಲ್ಲಿದೆ. ಒಂದು ಸುತ್ತಿನಲ್ಲಿ ಕನ್ನಡ ಮತ್ತು ಸಮಾಜ ವಿಜ್ಞಾನ, ಮುಂದಿನದರಲ್ಲಿ ಇಂಗ್ಲಿಷ್ ಮತ್ತು ವಿಜ್ಞಾನ, ಕೊನೆಗೆ ಗಣಿತ ಒಂದನ್ನೇ. ಗಣಿತಕ್ಕೆ ಹೀಗೆ ಒಂದು ಪೂರ್ತಿ ಸುತ್ತು ಬಿಟ್ಟುಕೊಟ್ಟರೆ ಹೆದರಿಕೆ ಅರ್ಧ ಇಳಿಯುತ್ತದೆ.

ನಿಮ್ಮ ಮಟ್ಟಿಗೆ ಇದರಲ್ಲಿ ಎರಡು ಮುಳ್ಳುಗಳಿವೆ. ಒಂದು ಮಾಧ್ಯಮ. ಈ ಸಂಸ್ಥೆಯ ಪಠ್ಯ ಮುಖ್ಯವಾಗಿ ಹಿಂದಿ, ಇಂಗ್ಲಿಷ್‌ನಲ್ಲಿ ಬೆಳೆದದ್ದು. ಪ್ರಾದೇಶಿಕ ಭಾಷೆಗಳಲ್ಲಿ ಎಲ್ಲ ವಿಷಯ ದೊರೆಯುವುದಿಲ್ಲ. ಕನ್ನಡ ಭಾಷಾ ವಿಷಯ ಇರುವುದು ಬೇರೆ, ವಿಜ್ಞಾನವನ್ನು ಕನ್ನಡದಲ್ಲಿ ಬರೆಯಲು ಬಿಡುವುದು ಬೇರೆ. ದುಡ್ಡು ಕಟ್ಟುವ ಮೊದಲು ಪ್ರತಿ ವಿಷಯದ ಎದುರು ಮಾಧ್ಯಮ ಯಾವುದೆಂದು ನೋಡಿ. ‘ಬಹುಪದೋಕ್ತಿ’ ಎಂದು ಕಲಿತ ಹುಡುಗಿ ಒಮ್ಮೆಲೇ ‘ಪಾಲಿನಾಮಿಯಲ್’ ಎಂದು ಓದಬೇಕಾಗಿ ಬಂದರೆ, ಗಣಿತ ಬಂದರೂ ಪ್ರಶ್ನೆಯೇ ಅರ್ಥವಾಗದೆ ಕೂರುತ್ತಾಳೆ. ಆ ದಾಟುವಿಕೆಗೇ ಆರು ತಿಂಗಳು ಎತ್ತಿಡಬೇಕು.

ಇನ್ನೊಂದು ಮುಳ್ಳು ನಿಮ್ಮ ಪಡದಲ್ಲೇ ಇದೆ. ದ್ರಾಕ್ಷಿ ಬಳ್ಳಿ ಕತ್ತರಿಸುವ ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಬರುವುದು ಸರಿಯಾಗಿ ಈ ಎರಡು ಪರೀಕ್ಷೆಗಳ ಹೊತ್ತಿಗೆ. ಮನೆಮಂದಿಯೆಲ್ಲ ಪಡದಲ್ಲಿರುವಾಗ ಮಗಳ ಕೊನೆಯ ತಿಂಗಳ ಓದು ನೋಡುವವರು ಯಾರು? ಪರೀಕ್ಷಾ ಕೇಂದ್ರಕ್ಕೆ ಕರೆದುಕೊಂಡು ಹೋಗುವವರು ಯಾರು? ಎಸ್‌ಎಸ್‌ಎಲ್‌ಸಿಯ ಮೊದಲ ಪರೀಕ್ಷೆಯೂ ಕಟಾವು ಮುಗಿದು ಒಣದ್ರಾಕ್ಷಿ ಮಾಡುವ ಹೊತ್ತಿಗೇ ಬೀಳುತ್ತದೆ, ಆದರೆ ಶಾಲೆಯಿದ್ದರೆ ಆ ಭಾರ ಮಾಸ್ತರರ ಹೆಗಲ ಮೇಲಿರುತ್ತದೆ. ಉತ್ತರ ನಿಮ್ಮ ಮನೆಯಲ್ಲೇ ಇರಬಹುದು, ಆದರೆ ಈಗಲೇ ಹೆಸರು ಹಿಡಿದು ಹೇಳಿಕೊಳ್ಳಿ: ಅಜ್ಜ, ಚಿಕ್ಕಪ್ಪ, ಯಾರೋ ಒಬ್ಬರು.

ಈ ಸಂಸ್ಥೆಯಲ್ಲಿ ಅಂಕ ಕಳೆಯುವ ಸಾಮಾನ್ಯ ತಪ್ಪು ಟಿಎಂಎ ಮರೆಯುವುದು. ಪ್ರತಿ ವಿಷಯಕ್ಕೂ ಮನೆಯಲ್ಲಿ ಬರೆದು ಸಲ್ಲಿಸುವ ನಿಯೋಜಿತ ಕೆಲಸ ಅದು, ಥಿಯರಿಯ ಶೇ 20 ಅದರದ್ದು. ಏಪ್ರಿಲ್ ಪರೀಕ್ಷೆಗೆ ಸಾಮಾನ್ಯವಾಗಿ ಜನವರಿ ಕೊನೆ, ಅಕ್ಟೋಬರ್‌ನದಕ್ಕೆ ಜುಲೈ ಕೊನೆ ಅದರ ಗಡುವು. ಸಲ್ಲಿಸದಿದ್ದರೆ ಐದನೆಯ ಒಂದು ಪಾಲು ಅಂಕ ಬರೆಯುವ ಮೊದಲೇ ಹೋಯಿತು. ವಿಜ್ಞಾನ, ಗಣಿತಕ್ಕೆ ಪ್ರ್ಯಾಕ್ಟಿಕಲ್ ಇದೆ, ಅದರಲ್ಲಿ ಬೇರೆಯಾಗಿಯೇ ಶೇ 33 ಬೇಕು. ವಿಷಯ ಆರಿಸುವಾಗ ‘ಸುಲಭ’ ಎಂದು ಗಣಿತ, ವಿಜ್ಞಾನ ಬಿಟ್ಟು ಗೃಹ ವಿಜ್ಞಾನ, ಚಿತ್ರಕಲೆ ಕಟ್ಟಿಸುವವರಿದ್ದಾರೆ. ಹಾಗೆ ಪಾಸಾದವಳಿಗೆ ಪಿಯುಸಿ ವಿಜ್ಞಾನದ ದಾರಿ ಮುಚ್ಚಿದಂತೆ.

ಪಿಯುಸಿ ಬಗ್ಗೆ ಕೇಳಿದ್ದೀರಿ. ಖಾಸಗಿಯಾಗಿ ಕಟ್ಟಿದ ಎಸ್‌ಎಸ್‌ಎಲ್‌ಸಿಯೂ ರಾಜ್ಯದ್ದೇ ಆದ್ದರಿಂದ ಅಲ್ಲಿ ಮಾತೇ ಇಲ್ಲ. ಮುಕ್ತ ಶಾಲೆಯ ಹತ್ತನೆಯದೂ ಮಾನ್ಯ; ಅಂಕಪಟ್ಟಿಯ ಜೊತೆ ಅವರೇ ಕೊಡುವ ಮೈಗ್ರೇಷನ್ ಪ್ರಮಾಣಪತ್ರ ಒಯ್ಯಬೇಕು. ಕೆಲವು ಕಾಲೇಜಿನ ಗುಮಾಸ್ತರು ಅದನ್ನು ಕಂಡೇ ಇರುವುದಿಲ್ಲ, ‘ಇದು ನಡೆಯಂಗಿಲ್ಲ’ ಎಂದು ವಾಪಸ್ ಕಳಿಸುತ್ತಾರೆ. ಅಲ್ಲೇ ವಾದ ಮಾಡದೆ ಪದವಿಪೂರ್ವ ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರ ಕಚೇರಿಗೆ ಹೋಗಿ. ಅಕ್ಟೋಬರ್ ಸುತ್ತಿನಲ್ಲಿ ಕೊನೆಯ ವಿಷಯ ಪಾಸಾದರೆ ಆ ವರ್ಷದ ಪಿಯುಸಿ ಪ್ರವೇಶ ಮುಗಿದಿರುತ್ತದೆ, ಮುಂದಿನ ಜೂನ್‌ವರೆಗೆ ಕಾಯಬೇಕು. ವಿಷಯ ಒಡೆಯುವಾಗ ಕೊನೆಯದು ಏಪ್ರಿಲ್‌ಗೆ ಬರುವಂತೆ ಲೆಕ್ಕ ಹಾಕಿ.

ಒಂದು ಎಚ್ಚರಿಕೆ. ‘ನಾವೇ ಕಟ್ಟಿಸಿ ಪಾಸ್ ಮಾಡಿಸಿಕೊಡ್ತೀವಿ, ಮೂವತ್ತು ಸಾವಿರ’ ಎನ್ನುವ ಟ್ಯುಟೋರಿಯಲ್‌ಗಳಿಂದ ದೂರವಿರಿ. ಮುಕ್ತ ಶಾಲೆಯ ಅರ್ಜಿಯನ್ನು ನೀವೇ ಆನ್‌ಲೈನ್‌ನಲ್ಲಿ ತುಂಬಬಹುದು. ಪ್ರವೇಶ ಮತ್ತು ಪರೀಕ್ಷಾ ಶುಲ್ಕ ಸೇರಿದರೂ ಕೆಲವೇ ಸಾವಿರ, ಹುಡುಗಿಯರಿಗೆ ರಿಯಾಯಿತಿಯೂ ಇದೆ. ಹೆಸರಿನಲ್ಲಿ ದಿಲ್ಲಿ, ಬೋರ್ಡ್ ಎಂದೆಲ್ಲ ಇದ್ದು ಯಾವ ಮಾನ್ಯತೆಯೂ ಇಲ್ಲದ ಮಂಡಳಿಗಳ ಅಂಕಪಟ್ಟಿ ಕೈಗಿಡುವವರೂ ಇದ್ದಾರೆ. ದುಡ್ಡು ಪಡೆದು ಹೆಸರನ್ನು ಮಾತ್ರ ಬರೆದಿಟ್ಟುಕೊಳ್ಳುವ ಖಾಸಗಿ ಶಾಲೆಯಲ್ಲಿ ‘ಡಮ್ಮಿ’ ದಾಖಲಾತಿ ಮಾಡುವುದೂ ಇದೇ ಜಾತಿಗೆ ಸೇರಿದ್ದು. ಹಾಜರಿ ತಪಾಸಣೆಯಾದ ದಿನ ಸಿಕ್ಕಿಬೀಳುವವಳು ಮಗಳು.

ಮನೆಯಲ್ಲಿ ಓದು ಎಲ್ಲಿ ಕೆಡುತ್ತದೆ

ಮೊದಲ ಎರಡು ತಿಂಗಳು ಎಲ್ಲರ ಮನೆಯಲ್ಲೂ ಚೆನ್ನಾಗಿಯೇ ನಡೆಯುತ್ತದೆ. ಸಡಿಲಾಗುವುದು ಮೂರನೆಯ ತಿಂಗಳಿಂದ, ಮೊದಲು ಗಣಿತದಲ್ಲಿ. ಕಾರಣ ಹೆಚ್ಚಾಗಿ ವಿಡಿಯೊ. ಶಿಕ್ಷಣ ಇಲಾಖೆಯ ಸಂವೇದ ವಿಡಿಯೊ ಪಾಠಗಳು ಚೆನ್ನಾಗಿವೆ, ಕನ್ನಡದಲ್ಲಿವೆ, ಪುಕ್ಕಟೆ. ಆದರೆ ಮಾಸ್ತರರು ಲೆಕ್ಕ ಬಿಡಿಸುವುದನ್ನು ನೋಡುತ್ತಿದ್ದರೆ ನಮಗೂ ಬಂತು ಎನಿಸುತ್ತದೆ. ಮುಂದಿನ ಹೊತ್ತು ಪುಸ್ತಕ ಮುಚ್ಚಿ ಅದೇ ಲೆಕ್ಕ ಕೊಟ್ಟರೆ ಎರಡನೆಯ ಸಾಲಿಗೇ ನಿಲ್ಲುತ್ತಾರೆ. ಹೀಗಾಗಿ ಅಳತೆ ಗಟ್ಟಿಯಾಗಿರಲಿ. 20 ನಿಮಿಷ ವಿಡಿಯೊ, 40 ನಿಮಿಷ ಕೈಯಲ್ಲಿ ಪೆನ್ನು. ಮಾಡಿ ತೋರಿಸಿದ ಲೆಕ್ಕವಲ್ಲ, ಅಭ್ಯಾಸದ ಐದು ಹೊಸ ಲೆಕ್ಕ. ತಪ್ಪಾದದ್ದನ್ನು ಒಂದು ಬೇರೆ ನೋಟ್‌ಬುಕ್ಕಿನಲ್ಲಿ ಬರೆದು, ಮೂರು ದಿನ ಬಿಟ್ಟು ಮತ್ತೆ ಬಿಡಿಸಬೇಕು. ನಿಮಗೆ ಗಣಿತ ಬರದಿದ್ದರೂ ಇಷ್ಟನ್ನು ನೋಡಿಕೊಳ್ಳಬಹುದು, ಏಕೆಂದರೆ ಉತ್ತರ ಪುಸ್ತಕದ ಹಿಂದಿದೆ.

ನಿಮ್ಮಿಂದ ಆಗದ್ದು ಪ್ರಮೇಯ. ಥೇಲ್ಸ್, ಪೈಥಾಗೊರಸ್ ಪ್ರಮೇಯಗಳಲ್ಲಿ ದತ್ತ, ಸಾಧನೀಯ, ರಚನೆ, ಸಾಧನೆ ಎಂದು ಹೆಜ್ಜೆ ಹೆಜ್ಜೆಗೆ ಅಂಕ ಇರುತ್ತದೆ, ಪ್ರತಿ ಸಾಲಿನ ಎದುರು ಕಾರಣ ಬರೆಯಬೇಕು. ಮಕ್ಕಳು ಚಿತ್ರ ನೋಡಿ ‘ಕಾಣತೈತಲ್ಲ’ ಎಂದು ನಡುವಿನ ಹೆಜ್ಜೆ ಹಾರಿಸುತ್ತಾರೆ, ಅದನ್ನು ಹಿಡಿಯಲು ಗಣಿತ ಬಲ್ಲವರ ಕಣ್ಣೇ ಬೇಕು. ವಾರಕ್ಕೆ ಎರಡು ಸಲ, ಒಂದೂವರೆ ತಾಸು, ಗಣಿತಕ್ಕೆ ಮಾತ್ರ ಟ್ಯೂಷನ್ ಇಡಿ. ಪಾಠ ಹೇಳಿಸಬೇಡಿ. ಮಗಳು ಬರೆದದ್ದನ್ನು ತಿದ್ದಿಸಿ.

ಎರಡನೆಯದಾಗಿ ಕೆಡುವುದು ಕೈಬರಹ, ಇದನ್ನು ಯಾರೂ ಎಣಿಸುವುದಿಲ್ಲ. ಶಾಲೆಯ ಮಗು ಬೇಡವೆಂದರೂ ದಿನಕ್ಕೆ ನಾಲ್ಕೈದು ಪುಟ ಬರೆಯುತ್ತದೆ. ಮನೆಯ ಮಗು ಬಾಯಲ್ಲಿ ಹೇಳುತ್ತದೆ, ಮೊಬೈಲಿನಲ್ಲಿ ಒತ್ತುತ್ತದೆ. ವರ್ಷದ ಕೊನೆಗೆ ಮೂರು ತಾಸಿನ ಪತ್ರಿಕೆಯಲ್ಲಿ ಉತ್ತರ ಗೊತ್ತಿದ್ದೂ 20 ಅಂಕದಷ್ಟು ಬಿಟ್ಟು ಬರುತ್ತದೆ. ಇಪ್ಪತ್ತು ಸಾಲಿನ ಪುಟವನ್ನು ಹತ್ತು ನಿಮಿಷದಲ್ಲಿ, ಓದಲು ಬರುವಂತೆ ಬರೆಯುವ ವೇಗ ಬೇಕು. ದಿನಕ್ಕೆ ಎರಡು ಪುಟ ಕನ್ನಡ, ಒಂದು ಪುಟ ಇಂಗ್ಲಿಷ್ ಬರೆಸಿ. ಸಮಾಜ ವಿಜ್ಞಾನದ ಉತ್ತರವನ್ನೇ ಬರೆಸಿದರೆ ಒಂದೇ ಏಟಿಗೆ ಎರಡು ಕೆಲಸ. ತಿಂಗಳಿಗೊಂದು ಭಾನುವಾರ ಪೂರ್ತಿ ಪತ್ರಿಕೆ, ಮೇಜು ಕುರ್ಚಿಯಲ್ಲಿ, ಗಡಿಯಾರ ಇಟ್ಟು, ನಡುವೆ ಚಹಾ ಇಲ್ಲದೆ. ಕೊನೆಯ ಮೂರು ತಿಂಗಳು ಇದು ವಾರಕ್ಕೊಂದು.

ದಿನದ ವೇಳೆ ಹೀಗಿರಬಹುದು: ಐದೂವರೆಯಿಂದ ಎಂಟು ಸೈಕಲ್. ಒಂಬತ್ತೂವರೆಯಿಂದ ಹನ್ನೊಂದು ಗಣಿತ, ತಲೆ ತಾಜಾ ಇರುವಾಗ. ಹನ್ನೊಂದೂಕಾಲರಿಂದ ಹನ್ನೆರಡೂಕಾಲು ವಿಜ್ಞಾನ. ಊಟ, ಒಂದು ತಾಸು ನಿದ್ದೆ. ಏಪ್ರಿಲ್-ಮೇ ಬಿಸಿಲಿನಲ್ಲಿ ಹಳ್ಳಿಯ ಮನೆಯಲ್ಲಿ ಮಧ್ಯಾಹ್ನ ಓದು ಹೇಗೂ ಆಗುವುದಿಲ್ಲ. ಎರಡೂವರೆಯಿಂದ ನಾಲ್ಕೂಕಾಲು ಭಾಷೆ ಮತ್ತು ಸಮಾಜ ವಿಜ್ಞಾನ, ಬರವಣಿಗೆಯ ಮೂಲಕ. ಸಂಜೆ ಅಭ್ಯಾಸ, ಊಟದ ನಂತರ ಅರ್ಧ ತಾಸು ಬೆಳಗಿನದನ್ನು ಮೆಲುಕು ಹಾಕುವುದು. ಒಟ್ಟು ನಾಲ್ಕೂಮುಕ್ಕಾಲು ತಾಸು ದಾಟುವುದಿಲ್ಲ, ಸಾಕು. ಇದರಲ್ಲಿ ಬೆಳಗಿನ ಎರಡೂವರೆ ತಾಸು ಮನೆಯ ಒಬ್ಬ ದೊಡ್ಡವರು ಅದೇ ಕೋಣೆಯಲ್ಲಿ ಇರಲೇಬೇಕು. ಜೋಳ ಹಸನು ಮಾಡುತ್ತ ಕೂತರೂ ಸರಿ, ಫೋನು ಅವರ ಕೈಯಲ್ಲಿರಲಿ. ಹೀಗೆ ಕೂರುವವರು ಯಾರೂ ಇಲ್ಲದ ಮನೆಯಲ್ಲಿ ಈ ಪ್ರಯತ್ನವೇ ಬೇಡ.

ಪ್ರಯೋಗಕ್ಕೆ ದೊಡ್ಡ ಲ್ಯಾಬ್ ಬೇಕಿಲ್ಲ. ಎಲೆ-ಅಡಿಕೆಯ ಸುಣ್ಣ ಒಂದು ಚಮಚ ಅರ್ಧ ಲೀಟರ್ ನೀರಿಗೆ ಕಲಸಿ ರಾತ್ರಿ ಬಿಟ್ಟು, ಮೇಲಿನ ತಿಳಿಯನ್ನು ಬಸಿದರೆ ಸುಣ್ಣದ ತಿಳಿನೀರು. ಅದರಲ್ಲಿ ನಳಿಕೆಯಿಂದ ಊದಿದರೆ ಹಾಲಿನಂತಾಗುತ್ತದೆ; ಊದುತ್ತಲೇ ಇದ್ದರೆ ಮತ್ತೆ ತಿಳಿಯಾಗುತ್ತದೆ. ಎರಡನೆಯದು ಏಕೆ ಎಂಬುದೇ ಪರೀಕ್ಷೆಯ ಪ್ರಶ್ನೆ: ಕರಗದ ಕಾರ್ಬೊನೇಟ್ ಕರಗುವ ಬೈಕಾರ್ಬೊನೇಟ್ ಆಗುತ್ತದೆ. ನೀರನ್ನು ಒಳಕ್ಕೆ ಎಳೆಯಬಾರದು, ಕಣ್ಣಿಗೆ ಸಿಡಿಯಬಾರದು. ಓಮ್‌ನ ನಿಯಮಕ್ಕೆ ಮೂರು ಟಾರ್ಚ್ ಸೆಲ್, 100 ಓಮ್‌ನ ಒಂದು ರೋಧಕ, ಒಂದು ಸಾದಾ ಮಲ್ಟಿಮೀಟರ್ ಸಾಕು. ಒಂದು ಸೆಲ್‌ಗೆ ಸುಮಾರು 15 ಮಿಲಿಆಂಪಿಯರ್, ಎರಡಕ್ಕೆ 30, ಮೂರಕ್ಕೆ 45 ಬರಬೇಕು. ನಕ್ಷೆ ಎಳೆದರೆ ನೇರ ಗೆರೆ. ಮೀಟರನ್ನು ವಿದ್ಯುತ್ ಪ್ರವಾಹದ ಗುರುತಿನಲ್ಲಿಟ್ಟು ರೋಧಕವಿಲ್ಲದೆ ನೇರ ಸೆಲ್‌ಗೆ ಹಚ್ಚಿದರೆ ಒಳಗಿನ ಫ್ಯೂಸ್ ಸುಡುತ್ತದೆ, ಹೊಸ ಮೀಟರು ಮೊದಲ ದಿನವೇ ಸಾಯುವುದು ಹೀಗೆಯೇ. 10 ಸೆಂ.ಮೀ. ಸಂಗಮ ದೂರದ ಒಂದು ಪೀನ ಮಸೂರವನ್ನೂ ತನ್ನಿ. ಕಿಟಕಿಯ ಬಿಂಬವನ್ನು ಎದುರು ಗೋಡೆಯ ಮೇಲೆ ತಲೆಕೆಳಗಾಗಿ ಬೀಳಿಸಿದ ಮೇಲೆ ಕಿರಣಚಿತ್ರ ಉರುಹೊಡೆಯುವ ಅಗತ್ಯ ಬೀಳುವುದಿಲ್ಲ.

ಗೋಲಗುಮ್ಮಟವೂ ಹತ್ತಿರದಲ್ಲೇ ಇದೆ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಅರ್ಧಗೋಲ ಎಂದು ಹಿಡಿದರೆ ಒಳಮೈ 2,270 ಚದರ ಮೀಟರಿನಷ್ಟಾಗುತ್ತದೆ. ಸೆಕೆಂಡಿಗೆ 340 ಮೀಟರ್ ಹೋಗುವ ಶಬ್ದ ಒಂದು ಬದಿಯಿಂದ ಇನ್ನೊಂದಕ್ಕೆ 0.11 ಸೆಕೆಂಡಿನಲ್ಲಿ ಮುಟ್ಟುತ್ತದೆ. ಪ್ರತಿಧ್ವನಿ ಬೇರೆಯಾಗಿ ಕೇಳಲು ಬೇಕಾದ 0.1 ಸೆಕೆಂಡು ಇದರಿಂದಲೇ ದಾಟಿತು. ಮಗಳೇ ಈ ಲೆಕ್ಕ ಮಾಡಲಿ. ಆದರೆ ಮನೆಶಾಲೆ ಎಂದರೆ ಇಂಥ ಸುತ್ತಾಟ ಎಂದು ತಿಳಿದು ವಾರ ವಾರ ಬಾದಾಮಿ, ಐಹೊಳೆ ಎಂದು ಹೊರಡುವವರಿಗೆ ಪರೀಕ್ಷೆಯಲ್ಲಿ ಗುಮ್ಮಟ ನೆರವಿಗೆ ಬರುವುದಿಲ್ಲ.

ಹುಡುಗಿ ಮನೆಯಲ್ಲಿದ್ದಾಳೆ ಎಂದರೆ

ಇದನ್ನು ಸ್ಪಷ್ಟವಾಗಿಯೇ ಹೇಳಬೇಕು. ನಮ್ಮ ಭಾಗದಲ್ಲಿ ‘ಹುಡುಗಿ ಮನ್ಯಾಗ ಅದಾಳ’ ಎಂಬ ಮಾತಿಗೆ ಊರು ಬೇರೆಯೇ ಅರ್ಥ ಹಚ್ಚುತ್ತದೆ. ಮೊದಲು ತಮ್ಮನನ್ನು ನೋಡಿಕೊಳ್ಳುವುದು, ಆಮೇಲೆ ರೊಟ್ಟಿ ಬಡಿಯುವುದು, ಆಮೇಲೆ ಚಾಟ್ನಿ ಹೊತ್ತಿಗೆ ಆಳು ಸಿಗಲಿಲ್ಲವೆಂದು ಪಡಕ್ಕೆ ಕರೆಯುವುದು. ವರ್ಷ ತುಂಬುವುದರೊಳಗೆ ಯಾರೋ ನೆಂಟರು ಗಂಡಿನ ಮಾತು ತೆಗೆಯುತ್ತಾರೆ. 18 ತುಂಬದೆ ಮದುವೆ ಅಪರಾಧ ಎಂದು ಎಲ್ಲರಿಗೂ ಗೊತ್ತು, ಆದರೂ ಮಾತು ಬರುತ್ತದೆ. ಶಾಲೆ ಕಲಿಸುವುದರ ಜೊತೆಗೆ ಹುಡುಗಿಗೆ ಒಂದು ಕಾವಲೂ ಹೌದು. ಮನೆಯಲ್ಲಿ ಓದಿಸುವುದಾದರೆ ಆ ಕಾವಲು ನೀವಾಗಬೇಕಾಗುತ್ತದೆ. ಓದಿನ ವೇಳೆಯಲ್ಲಿ ಮನೆಗೆಲಸ ಹೇಳಬಾರದು ಎಂದು ಅತ್ತೆ-ಮಾವ, ಗಂಡ ಎಲ್ಲರೆದುರೇ ಮೊದಲ ದಿನ ಮಾತಾಗಲಿ.

ಗೆಳತಿಯರ ಕೊರತೆಯನ್ನು ಸೈಕಲ್ ಗುಂಪು ಅರ್ಧ ತುಂಬುತ್ತದೆ, ಆದರೆ ಅಲ್ಲಿರುವವರೆಲ್ಲ ಪ್ರತಿಸ್ಪರ್ಧಿಗಳೂ ಹೌದು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ (ಗ್ರಂಥಾಲಯಕ್ಕೆ) ವಾರಕ್ಕೆ ಮೂರು ಸಂಜೆ ಹೋಗಲಿ. ಹಳೆಯ ತರಗತಿಯ ಒಬ್ಬಳಾದರೂ ಗೆಳತಿಯ ಜೊತೆ ಭಾನುವಾರ ಕೂತು ಓದುವ ವ್ಯವಸ್ಥೆ ಮಾಡಿ. ಶಾಲೆಯಲ್ಲಿ ಪಾಠ ಎಲ್ಲಿಗೆ ಬಂತು ಎಂಬುದೂ ಅದರಿಂದ ಗೊತ್ತಾಗುತ್ತದೆ.

ಕೊನೆಗೂ ಟಿಸಿ ತೆಗೆಸುವುದೇ ಆದರೆ ಅದೊಂದನ್ನೇ ತಂದು ಸುಮ್ಮನಾಗಬೇಡಿ. ಎಂಟನೆಯ ತರಗತಿಯ ಅಂಕಪಟ್ಟಿ, ಸ್ಯಾಟ್ಸ್ ಸಂಖ್ಯೆ, ಪೆನ್ ಸಂಖ್ಯೆ (ವಿದ್ಯಾರ್ಥಿಯ ಶಾಶ್ವತ ಶಿಕ್ಷಣ ಸಂಖ್ಯೆ) ಬರೆಸಿಕೊಳ್ಳಿ. ಒಂದರಿಂದ ಎಂಟರವರೆಗಿನ ವ್ಯಾಸಂಗ ಪ್ರಮಾಣಪತ್ರವನ್ನು ಪರೀಕ್ಷಾ ಪ್ರಾಧಿಕಾರದ ನಮೂನೆಯಲ್ಲೇ ತುಂಬಿಸಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಮೇಲುಸಹಿ ಹಾಕಿಸಿ. ನಾಲ್ಕು ವರ್ಷ ಬಿಟ್ಟು ಹೋದರೆ ಆ ಮುಖ್ಯಾಧ್ಯಾಪಕರು ಇರುವುದಿಲ್ಲ, ವಹಿ ಹುಡುಕುವವರೂ ಇರುವುದಿಲ್ಲ. ಹೆಸರನ್ನು ಅಕ್ಷರ ಅಕ್ಷರ ಹೊಂದಿಸಿ ನೋಡಿ. ನಮ್ಮ ಕಡೆ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರನ್ನೂ ಬರೆಯುವ ರೂಢಿ. ಟಿಸಿಯಲ್ಲಿ ಮೂರೂ ಇದ್ದು ಆಧಾರ್‌ನಲ್ಲಿ ಎರಡೇ ಇದ್ದರೆ, ಇಲ್ಲವೇ ಹುಟ್ಟಿದ ದಿನಾಂಕ ಒಂದು ದಿನ ಹೆಚ್ಚುಕಡಿಮೆಯಾಗಿದ್ದರೆ ಆನ್‌ಲೈನ್ ಅರ್ಜಿ ಅಲ್ಲಿಯೇ ನಿಲ್ಲುತ್ತದೆ. ತಿದ್ದಿಸುವುದಾದರೆ ಹೆಸರು ಶಾಲೆಯ ವಹಿಯಲ್ಲಿ ಇರುವಾಗಲೇ ತಿದ್ದಿಸಿ. ಟಿಸಿ ಹರಿದು ಕೊಟ್ಟ ಮೇಲೆ ಅದೇ ಕೆಲಸಕ್ಕೆ ತಿಂಗಳುಗಟ್ಟಲೆ ಕಚೇರಿ ಅಲೆಯಬೇಕಾಗುತ್ತದೆ.